ಎಮ್ಮೆಯ ಹೊಟ್ಟೆಯ ಅಯಸ್ಕಾಂತ

ಅಮ್ಮ ತೀರಿಕೊಂಡ ಮರುವರ್ಷ ನನಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿತು. ಊರು ಕಾಗವಾಡ ತಾಲೂಕಿನದು, ಅಥಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ನಾನು ಮಂಡ್ಯದ ಕಡೆಯವಳು. ಬಸ್ಸಿನ ಕಿಟಕಿಯಲ್ಲಿ ಕಬ್ಬು ಕಂಡಾಗ, ಇಲ್ಲೇನೂ ಕಷ್ಟವಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಇಳಿದು ಅಂಗಡಿಯಲ್ಲಿ ಸೋಪು ಕೇಳಿದರೆ ಅಂಗಡಿಯವನು ಮರಾಠಿಯಲ್ಲಿ ಏನೋ ಅಂದ. ತಿಳಿಯದೆ ಸೋಪಿನ ಕಡೆ ಬೆರಳು ತೋರಿಸಿದೆ. ಆಮೇಲೆ ಅವನೇ ಕನ್ನಡಕ್ಕೆ ಬಂದ. ಅದೂ ನನಗೆ ಅರ್ಧ ತಿಳಿಯಲಿಲ್ಲ. ನನ್ನ ಕನ್ನಡ ಕೇಳಿ ಪಕ್ಕದಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಕೆಟ್ಟ ನಗುವೇನಲ್ಲ. ಆದರೂ ಅಂದಿನಿಂದ ನಾನು ಎಷ್ಟು ಬೇಕೋ ಅಷ್ಟೇ ಮಾತಾಡುವುದನ್ನು ರೂಢಿಸಿಕೊಂಡೆ.

ನನ್ನ ಬಾಡಿಗೆ ಕೋಣೆ ಒಂದು ಜೈನ ಒಕ್ಕಲಿನ ಮನೆಯ ಹಿತ್ತಲಲ್ಲಿತ್ತು. ಮನೆಯಲ್ಲಿದ್ದವರು ಒಬ್ಬರೇ, ಐವತ್ತರ ಆಸುಪಾಸಿನ ಹೆಂಗಸು. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೊರಳಲ್ಲಿ ತಾಳಿ ಇತ್ತು, ಗಂಡ ಮಾತ್ರ ಕಾಣುತ್ತಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊಲವನ್ನು ಮೈದುನರು ನೋಡಿಕೊಳ್ಳುತ್ತಿದ್ದರು. ಕಾಕುವಿನ ಪಾಲಿಗೆ ಒಂದು ಎಮ್ಮೆ. ಹೊತ್ತು ಮುಳುಗುವ ಮುಂಚೆಯೇ ಅವರ ಊಟ ಮುಗಿದಿರುತ್ತಿತ್ತು. ನಾನು ಅಕ್ಕಿ ತೊಳೆಯುವಾಗ ಅವರ ಅಡುಗೆಮನೆಯ ದೀಪ ಆರಿರುತ್ತಿತ್ತು. ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಹಾಗೇ ತಿಂಗಳುಗಟ್ಟಲೆ ಇದ್ದೆವು.

ಶಾಲೆಯ ಕಪಾಟಿನಲ್ಲಿ ಪ್ರಯೋಗದ ಸಾಮಾನು ಎಂದರೆ ಒಂದು ಮರದ ಪೆಟ್ಟಿಗೆ. ಅದರಲ್ಲಿ ಕೆಲವು ದಂಡಕಾಂತಗಳು, ಒಂದು ಹಿತ್ತಾಳೆಯ ದಿಕ್ಸೂಚಿ. ಯಾರೋ ಕಾಂತಗಳ ಉತ್ತರ ತುದಿಗಳನ್ನೆಲ್ಲ ಒಂದೇ ಕಡೆಗೆ ಮಾಡಿ ಒತ್ತಿ ತುಂಬಿಟ್ಟಿದ್ದರು. ಸಜಾತಿ ಧ್ರುವಗಳು ಒಂದನ್ನೊಂದು ತಳ್ಳುತ್ತವೆ. ಹಾಗೆ ವರ್ಷಾನುಗಟ್ಟಲೆ ಕೂಡಿಟ್ಟರೆ ಎಲ್ಲವೂ ಶಕ್ತಿ ಕಳೆದುಕೊಳ್ಳುತ್ತವೆ. ಗುಂಡುಸೂಜಿ ಎತ್ತುವ ಕಸುವು ಎರಡಕ್ಕೆ ಮಾತ್ರ ಉಳಿದಿತ್ತು.

ಪಾಠಕ್ಕೆ ಕಬ್ಬಿಣದ ಪುಡಿ ಬೇಕಿತ್ತು. ಎಲ್ಲಿಯೂ ಸಿಗಲಿಲ್ಲ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರ, ಹೊಳಿ ಉಸುಕಿನ್ಯಾಗ ಕರೀ ಪುಡಿ ಸಿಗ್ತೈತ್ರಿ. ನಾವು ಲೋಹಚುಂಬಕ ಆಡಿಸಿ ತಗೀತೀವಿ" ಅಂದಳು. ಮರುದಿನ ಒಂದು ಚೀಲ ಕೃಷ್ಣೆಯ ಮರಳು ಬಂತು. ಅಯಸ್ಕಾಂತಕ್ಕೆ ಕಾಗದ ಸುತ್ತಿ ಮರಳಿನಲ್ಲಿ ಎಳೆದರೆ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡು ಬಂದವು. ಅವನ್ನು ಬಿಳಿ ಹಾಳೆಯ ಮೇಲೆ ಉದುರಿಸಿ, ಅಡಿಯಲ್ಲಿ ಕಾಂತ ಇಟ್ಟು, ಬೆರಳಿಂದ ಹಾಳೆಯನ್ನು ತಟ್ಟಿದೆ. ಕಣಗಳು ಸರಿದು ಸಾಲಾದವು. ಎರಡೂ ತುದಿಗಳಲ್ಲಿ ದಟ್ಟವಾಗಿ, ದೂರ ಹೋದಂತೆ ವಿರಳವಾಗಿ, ಒಂದು ತುದಿಯಿಂದ ಇನ್ನೊಂದಕ್ಕೆ ಬಾಗಿದ ಗೆರೆಗಳು. ಗದ್ದಲ ಮಾಡುತ್ತಿದ್ದವರೆಲ್ಲ ಎದ್ದು ಮೇಜಿನ ಸುತ್ತ ಮುಗಿಬಿದ್ದರು.

"ಚುಂಬಕ ತಗದ್ರ ಆ ಗೆರಿ ಎಲ್ಲಿ ಹೋಗ್ತಾವ್ರಿ?" ಅದೇ ಹುಡುಗಿ ಕೇಳಿದಳು.

"ಗೆರೆ ಮೊದಲೂ ಇರಲಿಲ್ಲ. ಕಾಂತದ ಸುತ್ತ ಅದರ ಬಲ ನಡೆಯುವ ಜಾಗ ಇದೆ. ಅದಕ್ಕೆ ಕಾಂತಕ್ಷೇತ್ರ ಅಂತಾರೆ. ಅದು ಯಾವ ದಿಕ್ಕಿಗೆ ಎಳೆಯುತ್ತೆ ಅಂತ ತೋರಿಸೋಕೆ ಗೆರೆ."

ನನ್ನ 'ತೋರಿಸೋಕೆ' ಕೇಳಿ ಹಿಂದಿನ ಬೆಂಚಿನವರು ನಕ್ಕರು. ಆ ದಿನ ನಾನೂ ನಕ್ಕೆ. ಆದರೆ ಸಂಜೆ ಕೋಣೆಗೆ ಬಂದಾಗ, ಇವತ್ತು ಪಾಠ ಚೆನ್ನಾಗಿ ಆಯಿತು ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಫೋನು ತೆಗೆದು ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಇಟ್ಟೆ.

ಎಮ್ಮೆ ಕಾಯಿಲೆ ಬಿದ್ದದ್ದು ದ್ರಾಕ್ಷಿ ಚಾಟನಿ ಮುಗಿದ ಹೊತ್ತಿನಲ್ಲಿ. ಚಾಟನಿ ಎಂದರೆ ಬಳ್ಳಿ ಸವರುವ ಕೆಲಸ. ಆಗ ತೋಟದ ಹಳೆಯ ತಂತಿಗಳನ್ನು ಕತ್ತರಿಸಿ ಹೊಸದನ್ನು ಎಳೆಯುತ್ತಾರೆ. ಸಾಲುಗಳ ನಡುವಿನ ಹುಲ್ಲು ಎಮ್ಮೆಗೆ ಬರುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಕಾಕು ನನ್ನ ಬಾಗಿಲಿಗೆ ಬಂದು ನಿಂತರು. ಹಾಗೆ ಅವರು ಹಿಂದೆಂದೂ ಬಂದಿರಲಿಲ್ಲ.

"ಅಕ್ಕೋರ, ಎಮ್ಮಿ ನಿನ್ನಿಯಿಂದ ಏನೂ ತಿನ್ನವಲ್ದು. ಡಾಕ್ಟರ್‌ಗ ಒಂದು ಫೋನ್ ಹಚ್ಚಿ ಕೊಡ್ರಿ. ನಂದು ಬಂದ್ ಬಿದ್ದೈತಿ."

ಎಮ್ಮೆ ಬೆನ್ನು ಬಾಗಿಸಿ, ಮುಂಗಾಲುಗಳನ್ನು ಅಗಲ ಮಾಡಿಕೊಂಡು ನಿಂತಿತ್ತು. ಹೆಜ್ಜೆ ಇಟ್ಟಾಗಲೆಲ್ಲ ನರಳುತ್ತಿತ್ತು. ದನದ ಡಾಕ್ಟರು ಬಂದು ಅದರ ಎದೆಯ ಕೆಳಗೆ ಮುಷ್ಟಿಯಿಂದ ಒತ್ತಿದರು. ಅದು ದೊಡ್ಡದಾಗಿ ನರಳಿ ಹಿಂದೆ ಸರಿಯಿತು.

"ತಂತಿ ನುಂಗೇತ್ರಿ ಕಾಕು," ಅಂದರು. "ಎರಡನೇ ಹೊಟ್ಟ್ಯಾಗ ಕುಂತು ಚುಚ್ಚಾಕತ್ತೈತಿ. ಅದರ ಬಾಜೂಕ ಗುಂಡಿಗಿ ಐತಿ. ಮುಂದ ಸರದ್ರ ಕಷ್ಟ."

"ಹೊಟ್ಟಿ ಕೊಯ್ಯೂದ ಬ್ಯಾಡ್ರಿ," ಕಾಕು ತಕ್ಷಣ ಅಂದರು.

"ಮೊದಲ ಮ್ಯಾಗ್ನೆಟ್ ನುಂಗಸೂನು, ಅದು ತಂತೀನ ಹಿಡಕೊಂಡ ಕುಂದರ್ತೈತಿ. ಆದ್ರ ಇದನ್ನ ನೀವು ಸಂತಿಯೊಳಗ ಕೊಂಡದ್ದು. ಮೊದಲಿನ ಮಾಲಕ ಹಾಕ್ಸಿದ್ದನೋ ಏನೋ ನೋಡಬೇಕಲ್ಲ."

ಡಾಕ್ಟರು ಫೋನಿನ ದಿಕ್ಸೂಚಿ ತೆರೆದರು. ಅವರ ಫೋನಿನ ಕವರಿನ ಗುಂಡಿಯಲ್ಲೇ ಕಾಂತವಿದ್ದುದರಿಂದ ಅದು ಎತ್ತ ತಿರುಗಿಸಿದರೂ ತಪ್ಪು ದಿಕ್ಕು ತೋರಿಸಿತು. ನಾನು, "ಶಾಲೆಯಲ್ಲಿ ಒಂದಿದೆ, ತರುತ್ತೇನೆ" ಅಂದು ಮುಖ್ಯೋಪಾಧ್ಯಾಯರಿಂದ ಬೀಗದಕೈ ಇಸಿದುಕೊಂಡು ಹಿತ್ತಾಳೆಯ ದಿಕ್ಸೂಚಿ ತಂದೆ.

ಎಮ್ಮೆಯ ಎಡ ಮುಂಗಾಲಿನ ಹಿಂದೆ, ಎದೆಯ ಪಕ್ಕದಲ್ಲಿ ಹಿಡಿದಾಗ ಮುಳ್ಳು ಗರಕ್ಕನೆ ಓಡಿತು. ಆದರೆ ಅದು ಹೊರಳಿದ್ದು ಹೊಟ್ಟೆಯ ಕಡೆಗಲ್ಲ, ಎಮ್ಮೆ ಕಟ್ಟಿದ್ದ ಸರಪಳಿಯ ಕಡೆಗೆ. ಸರಪಳಿ ಬಿಚ್ಚಿ ಹಗ್ಗ ಕಟ್ಟಿ, ಕಬ್ಬಿಣದ ಬಕೆಟ್ಟು ದೂರವಿಟ್ಟು, ಎಮ್ಮೆಯನ್ನು ಅಂಗಳದ ನಡುವೆ ತಂದು ಮತ್ತೆ ಹಿಡಿದೆವು. ಮುಳ್ಳು ಸ್ವಲ್ಪ ನಡುಗಿ ಉತ್ತರಕ್ಕೆ ನಿಂತಿತು. ಹೊಟ್ಟೆಯ ಹತ್ತಿರ ತಂದರೂ ಕದಲಲಿಲ್ಲ.

"ಒಳಗೆ ಕಾಂತ ಇಲ್ಲ," ಅಂದೆ. "ಇದ್ದಿದ್ದರೆ ಮುಳ್ಳು ಅದರ ಕಡೆ ತಿರುಗುತ್ತಿತ್ತು."

"ಈಗ ಯಾರ ಕಡೆ ತಿರಗೇತಿ?" ಕಾಕು ಕೇಳಿದರು.

"ಭೂಮಿಯ ಕಡೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಇದ್ದ ಹಾಗೆ ಕಾಕು. ಹತ್ತಿರ ಬೇರೆ ಯಾವುದೂ ಎಳೆಯದಿದ್ದರೆ ಮುಳ್ಳು ಅದರ ಮಾತನ್ನೇ ಕೇಳುತ್ತೆ."

ಡಾಕ್ಟರು ಬೆರಳಿನಷ್ಟು ಉದ್ದದ, ತುದಿ ನುಣುಪಾದ ಕಾಂತವನ್ನು ಕೊಳವೆಯಲ್ಲಿಟ್ಟು ಎಮ್ಮೆಯ ಗಂಟಲೊಳಗೆ ಇಳಿಸಿದರು. ಇಂಜೆಕ್ಷನ್ ಕೊಟ್ಟು, ಮುಂಗಾಲು ಎತ್ತರದಲ್ಲಿರುವಂತೆ ಮಣ್ಣಿನ ದಿಬ್ಬ ಮಾಡಿ ನಿಲ್ಲಿಸಿರಿ, ಆಗ ತಂತಿ ಹಿಂದಕ್ಕೆ ಜಾರುತ್ತದೆ ಎಂದು ಹೇಳಿ ಹೋದರು. ಕಾಕು ಬುಟ್ಟಿಯಲ್ಲಿ ಮಣ್ಣು ತಂದರು, ನಾನು ಸಲಿಕೆಯಲ್ಲಿ ಹರಡಿ ಬಡಿದೆ. ಹಸ್ತದಲ್ಲಿ ಗುಳ್ಳೆ ಎದ್ದಿತು. ಸಂಜೆ ಕಾಕು, "ಇನ್ನ ನಿಮ್ಮ ಅನ್ನ ಯಾವಾಗ ಕುದೀಬೇಕು, ಇಲ್ಲೇ ಉಣ್ರಿ" ಅಂದರು. ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆ.

ಮರುದಿನ ದಿಕ್ಸೂಚಿಯನ್ನು ಕಾಕುವಿನ ಕೈಗೇ ಕೊಟ್ಟೆ. ಅವರು ಅದನ್ನು ಎಮ್ಮೆಯ ಮುಂಗಾಲಿನ ಹಿಂದೆ ಒಯ್ದಂತೆ ಮುಳ್ಳು ಉತ್ತರವನ್ನು ಬಿಟ್ಟು ಹೊಟ್ಟೆಯ ಕಡೆ ಹೊರಳಿತು. ದೂರ ತಂದರೆ ಮತ್ತೆ ಉತ್ತರ. ಅವರು ಮತ್ತೆ ಮತ್ತೆ ಮಾಡಿ ನೋಡಿದರು.

"ನಡಕ ತೊಗಲು, ಮಾಂಸ ಎಲ್ಲಾ ಐತಲ್ರಿ. ಅಡ್ಡ ಬರೂದಿಲ್ಲೇನ?"

"ತೊಗಲು, ಎಲುಬು, ಕಟ್ಟಿಗೆ, ಗಾಜು, ಯಾವುದೂ ಅಡ್ಡ ಬರಲ್ಲ. ದೂರ ಮಾತ್ರ ಅಡ್ಡ ಬರುತ್ತೆ. ದೂರ ಆದಷ್ಟೂ ಎಳೆತ ಬೇಗ ಕಡಿಮೆಯಾಗುತ್ತೆ."

"ತಂತಿ ಇನ್ನ ಹೊರಗ ಬರ್ತೈತೇನ?"

"ಇಲ್ಲ ಕಾಕು. ಕಾಂತಕ್ಕೆ ಅಂಟಿಕೊಂಡು ಕೊನೆಯವರೆಗೂ ಒಳಗೇ ಇರುತ್ತೆ. ಚುಚ್ಚೋದು ನಿಲ್ಲುತ್ತೆ ಅಷ್ಟೆ."

ಅವರು ಎಮ್ಮೆಯ ಕೊರಳು ಸವರಿದರು.

ಕೆಲವು ದಿನಗಳಲ್ಲಿ ಎಮ್ಮೆ ಮೆಲುಕು ಹಾಕತೊಡಗಿತು. ದಿಕ್ಸೂಚಿಯನ್ನು ಶಾಲೆಗೆ ಮರಳಿಸಿದೆ. ನನ್ನ ಸಂಜೆಯ ಊಟ ಮಾತ್ರ ಕಾಕುವಿನ ಅಡುಗೆಮನೆಯಲ್ಲೇ ಉಳಿಯಿತು. ಅಂಥದೊಂದು ಸಂಜೆ ಅವರು ತಾವಾಗಿಯೇ ಗಂಡನ ವಿಷಯ ಎತ್ತಿದರು. ಗಂಡ ಸತ್ತಿರಲಿಲ್ಲ, ಜಗಳವಾಡಿ ಬಿಟ್ಟೂ ಹೋಗಿರಲಿಲ್ಲ. ಬಹಳ ವರ್ಷಗಳ ಹಿಂದೆ ದೀಕ್ಷೆ ತೆಗೆದುಕೊಂಡು ಮುನಿಗಳಾಗಿದ್ದರು.

"ನನ್ನ ಕೇಳೇ ಹೋದ್ರು. ನಾನ ಹೂಂ ಅಂದೆ. ಒಳ್ಳೇ ಕೆಲಸಕ್ಕ ಬ್ಯಾಡ ಅನ್ನಾಕ ಬರ್ತೈತೇನ್ರಿ?" ಅಂದರು. "ಮೆರವಣಿಗಿ ದಿನ ನನಗೂ ಹಾರ ಹಾಕಿದ್ರು. ಮರುದಿನ ಎಲ್ಲಾರೂ ತಮ್ಮ ತಮ್ಮ ಮನೀಗೆ ಹೋದ್ರು."

ಆ ಮಳೆಗಾಲ ಆ ಮುನಿಗಳ ಚಾತುರ್ಮಾಸ ಚಿಕ್ಕೋಡಿಯ ಹತ್ತಿರದ ಹಳ್ಳಿಯಲ್ಲಿ ಎಂದು ಸುದ್ದಿ ಬಂತು. ಕಾಕು ನನ್ನನ್ನು ಜೊತೆಗೆ ಕರೆದರು. ಮೈದುನರ ಮನೆಯವರೊಂದಿಗೆ ಯಾಕೆ ಹೋಗಬಾರದು ಎಂದು ಕೇಳಿದೆ.

"ಅವರ ಕೂಡ ಹೋದ್ರ ಎಲ್ಲಾರೂ ಮಹಾರಾಜರನ್ನ ಬಿಟ್ಟು ನನ್ನ ಮಾರಿನ ನೋಡ್ತಾರ," ಅಂದರು. ಮಹಾರಾಜರು ಎಂದರೆ ಮುನಿಗಳು.

ಹಿಂದಿನ ದಿನವೇ ಹೋಗಿ ಅವರ ಬಳಗದವರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಮುನಿಗಳು ಆಹಾರಕ್ಕೆ ಹೊರಡುವ ಹೊತ್ತಿಗೆ ಓಣಿಯ ಮನೆಮನೆಯ ಬಾಗಿಲಲ್ಲೂ ಮಡಿಯುಟ್ಟ ಗಂಡಸರು ಹೆಂಗಸರು ಕಲಶ ಹಿಡಿದು ನಿಂತಿದ್ದರು. ಯಾವ ಮನೆಯ ಮುಂದೆ ನಿಲ್ಲುವರೆಂದು ಯಾರಿಗೂ ತಿಳಿಯದು. ಅವರು ಮನಸ್ಸಿನಲ್ಲೇ ಇಟ್ಟುಕೊಂಡ ನೇಮದ ಗುರುತು ಕಂಡಲ್ಲಿ ಮಾತ್ರ ನಿಲ್ಲುತ್ತಾರಂತೆ. ಕಾಕು ಬಿಳಿ ಸೀರೆಯುಟ್ಟು, ಕಲಶದ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಿಂತರು. ನಾನು ಎದುರು ಮನೆಯ ಕಟ್ಟೆಯ ಮೇಲಿದ್ದೆ.

ಮುನಿಗಳು ಬಂದರು. ತೆಳ್ಳಗಿನ ಮೈ, ಕೈಯಲ್ಲಿ ನವಿಲುಗರಿಯ ಪಿಂಛಿ. ಎಲ್ಲರೂ ನಿಲ್ಲಿರೆಂದು ಕೂಗಿ ಪ್ರಾರ್ಥಿಸುತ್ತಿದ್ದರು. ಕಾಕುವಿನ ತುಟಿಯೂ ಆಡುತ್ತಿತ್ತು, ದನಿ ನನಗೆ ಕೇಳಿಸಲಿಲ್ಲ. ಮುನಿಗಳ ನೋಟ ಕಲಶದ ಮೇಲೆ ಒಂದು ಗಳಿಗೆ ನಿಂತಿತು. ಅಷ್ಟೆ. ಅವರು ಮುಂದೆ ನಡೆದು ಓಣಿಯ ಕೊನೆಯ ಮನೆಯೊಳಗೆ ಹೋದರು. ಜನವೆಲ್ಲ ಅತ್ತ ನುಗ್ಗಿತು. ಕಾಕು ಕಲಶವನ್ನು ಒಳಗಿಟ್ಟು ಬಂದು, "ಆರಾಮ ಕಂಡ್ರು. ಜರಾ ಸೊರಗ್ಯಾರ," ಅಂದರು.

ಮರಳುವ ಬಸ್ಸು ಅಂಕಲಿಯ ಹತ್ತಿರ ಕೃಷ್ಣೆಯ ಸೇತುವೆ ದಾಟಿತು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅವರ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು. ಮಡಿಯೋ ಏನೋ ಎಂದು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಅವರೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರು. ಕಾಗವಾಡ ಬರುವವರೆಗೂ ನಾನು ಅಲುಗಾಡದೆ ಕೂತಿದ್ದೆ.

ಮರುವರ್ಷ ನನಗೆ ರಾಯಬಾಗದ ಕಡೆಗೆ ವರ್ಗವಾಯಿತು. ಇಲ್ಲಿ ಪ್ರಯೋಗಾಲಯ ಇದೆ, ಕೋಣೆಗೆ ಗಾಳಿ ಬೆಳಕು ಇದೆ, ನನ್ನ ಮಾತಿಗೆ ಈಗ ಯಾರೂ ನಗುವುದಿಲ್ಲ. ಅದರಲ್ಲಿ ಇಲ್ಲಿಯ ಕನ್ನಡ ಅಷ್ಟು ಬೆರೆತಿದೆ. ಕಾಕು ಆಗಾಗ ಫೋನ್ ಮಾಡುತ್ತಾರೆ. ಎಮ್ಮೆ ಹೆಣ್ಣುಕರು ಹಾಕಿತೆಂದು ಹೇಳಿದ್ದರು. ಮಳೆ, ಕಬ್ಬು, ಮೊಣಕಾಲು ನೋವು, ಇಷ್ಟಕ್ಕೆ ನಮ್ಮ ಮಾತು ಮುಗಿಯುತ್ತದೆ. ಎದುರು ಕೂತಾಗ ಸುಮ್ಮನಿರುವುದು ನಮಗೆ ಬರುತ್ತಿತ್ತು. ಫೋನಿನಲ್ಲಿ ಅದು ಆಗುವುದಿಲ್ಲ.

"ಹಂಗಾರ ಇಡ್ಲೇನ್ರಿ?" ಅನ್ನುತ್ತಾರೆ.

"ಇಡ್ರಿ ಕಾಕು," ಅನ್ನುತ್ತೇನೆ.

ಆಮೇಲೂ ಸ್ವಲ್ಪ ಹೊತ್ತು ಆ ಕಡೆ ಅವರ ಅಂಗಳದ ಕಾಗೆಗಳ ಸದ್ದು ಕೇಳಿಸುತ್ತದೆ.