ದೊರಸಾನಿಯ ಐದನೆಯ ಕೂಸು

ಕೊಬ್ಬರಿ ಬಟ್ಟಲಿನ ಅಂಚಿನಿಂದ ಕೆಂಪಿರುವೆಯೊಂದು ಇಳಿದು, ಗೋರಿಕಲ್ಲಿನ ಮೇಲೆ ಕೊರೆದ ಇಂಗ್ಲಿಷ್ ‘ಎಸ್’ ಅಕ್ಷರದ ತಿರುವಿನೊಳಗೆ ನಡೆಯತೊಡಗಿತ್ತು. ಅಕ್ಷರ ಮುಗಿದಲ್ಲಿ ನಿಂತು, ತಿರುಗಿ, ಬಂದ ದಾರಿಯಲ್ಲೇ ಹೊರಟಿತು. ನಾನು ಅದನ್ನೇ ನೋಡುತ್ತಿದ್ದೆ. ಅತ್ತಿಗೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅಂತೂರ ಬೆಂತೂರಿನ ದಾರಿಯಲ್ಲಿ, ಒಂದು ಶೇಂಗಾ ಹೊಲದ ಬದುವಿನ ಪಕ್ಕ ಆ ಗೋರಿಗಳಿವೆ. ಒಂದು ದೊಡ್ಡದು, ಮೂರು ಸಣ್ಣವು. ಊರಿನವರು ಆ ಜಾಗವನ್ನು ದೊರಸಾನಿ ಕಟ್ಟೆ ಎನ್ನುತ್ತಾರೆ. ಬೆಟಗೇರಿಯ ನಮ್ಮ ನೇಕಾರ ಓಣಿಯ ಹೆಂಗಸರು, ಬಸಿರು ನಿಲ್ಲದಿದ್ದರೆ, ಅಲ್ಲಿಗೆ ಹೋಗಿ ದೊರಸಾನಿಗೆ ಉಡಿ ತುಂಬುತ್ತಾರೆ. ಕಲ್ಲಿನ ಮೇಲೆ ಖಣ ಹಾಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು ಇಡುತ್ತಾರೆ. ದೊರಸಾನಿಗೆ ಮನೆ ತುಂಬ ಮಕ್ಕಳಿದ್ದರಂತೆ, ಎಲ್ಲರೂ ದೊಡ್ಡವರಾಗಿ ಹಡಗು ಹತ್ತಿ ತಮ್ಮ ದೇಶಕ್ಕೆ ಹೋದರಂತೆ. ಸಣ್ಣ ಕಲ್ಲುಗಳು ಆಕೆ ಸಾಕಿದ ನಾಯಿಗಳವಂತೆ.

ಅತ್ತಿಗೆಗೆ ಎರಡು ಸಲ ಬಸಿರು ಇಳಿದಿತ್ತು. ಮೂರನೆಯ ಸಲ ಐದು ತಿಂಗಳು ದಾಟಿದರೆ ದೊರಸಾನಿಗೆ ಉಡಿ ತುಂಬುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ದಾಟಿತು. ಹೋದೆವು.

ನಾನು ಧಾರವಾಡದಲ್ಲಿ ಇತಿಹಾಸ ಓದಿ, ಈ ಭಾಗಕ್ಕೆ ಹತ್ತಿ ಬೆಳೆಸಲು ಬಂದ ಇಂಗ್ಲಿಷರ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ದೊರಸಾನಿಯ ಗಂಡ ಅಮೆರಿಕದ ಹತ್ತಿಬೀಜವನ್ನು ನಮ್ಮ ಎರೆಮಣ್ಣಿಗೆ ಒಗ್ಗಿಸಲು ಬಂದವನು. ಅವನ ಬಗ್ಗೆ ಪುಟಗಟ್ಟಲೆ ಸಿಗುತ್ತದೆ: ಬಿತ್ತನೆ, ಮಳೆ, ಹತ್ತಿ ಬಿಡಿಸುವ ಜಿನ್ನಿನ ಯಂತ್ರ, ರೈತರ ಮೇಲಿನ ಸಿಟ್ಟು. ಆಕೆಯ ಬಗ್ಗೆ ಸಿಗುವುದು ಅಲ್ಲೊಂದು ಇಲ್ಲೊಂದು ಸಾಲು. ಮದುವೆಯಾದ ಹೊಸತರಲ್ಲಿ ಬಂದಳು, ಎತ್ತಿನ ಗಾಡಿಯಲ್ಲಿ. ಕೋಳಿ ಸಾಕಿದಳು, ಬೆಣ್ಣೆ ತಾನೇ ಕಡೆಯುತ್ತಿದ್ದಳು, ಹಾಲಿನವಳೊಂದಿಗೆ ಕನ್ನಡದಲ್ಲೇ ಜಗಳಾಡುವಷ್ಟು ಕಲಿತಿದ್ದಳು. ಉಳಿದದ್ದು ಕಲ್ಲಿನ ಮೇಲಿದೆ. ಅದನ್ನೆಲ್ಲ ನಾನು ನನ್ನ ಮೂರನೆಯ ಅಧ್ಯಾಯದಲ್ಲಿ, ಹವಾಮಾನದ ತೊಂದರೆಗಳ ನಡುವೆ, ಒಂದೇ ವಾಕ್ಯದಲ್ಲಿ ಮುಗಿಸಿದ್ದೆ.

ಹೊಲದೊಡತಿ ಕಲ್ಲು ತೊಳೆದಿಟ್ಟಿದ್ದರು. ಮುಸ್ಲಿಂ ಮನೆತನದ ವಯಸ್ಸಾದ ಹೆಂಗಸು, ಎಲ್ಲರೂ ಚಾಚಿ ಎನ್ನುತ್ತಾರೆ.

“ಬರ್ರಿ, ನೆರಳಿಗೆ ಕುಂಡ್ರಿ. ಬಸರ ಹೆಂಗಸ್ರು ಬಿಸಲಾಗ ನಿಂದರಬಾರ್ದು,” ಎಂದರು.

ಅವ್ವ ಖಣ ಹಾಸಿ ಕೊಬ್ಬರಿ ಇಟ್ಟಳು. ಅತ್ತಿಗೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಮಾತಾಡುವವಳು, ಸುಮ್ಮನಿರುವುದು ಅವಳಿಗಾಗದು. “ಪ್ರೊಫೆಸರ್ ಬಾಯಾರ, ಬರೇ ಕಂಬಧಂಗ ನಿಂತ್ರ ಹ್ಯಾಂಗ? ಏನ್ ಬರದೈತಿ ಓದಿ ಹೇಳ್ರಿ. ಹೆಸರ ಗೊತ್ತಿಲ್ದ ಯಾರಿಗಂತ ಬೇಡಕೊಳ್ಳಲಿ?” ಎಂದು ನಕ್ಕಳು.

ಹೆಸರು ಓದಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂವರೂ ಕಿವಿಗೊಟ್ಟು ನಿಂತಿದ್ದರು. ಮನೆಯಲ್ಲಿ ನನ್ನ ಓದಿನ ಬಗ್ಗೆ ಯಾರೂ ಹಾಗೆ ಕಿವಿಗೊಟ್ಟವರಲ್ಲ. ಎಲ್ಲವನ್ನೂ ಓದಿದೆ. ಸಣ್ಣ ಕಲ್ಲುಗಳನ್ನೂ ಓದಿದೆ.

“ನಾಯಿ ಅಲ್ಲವ್ವಾ, ಇವು ಆಕಿ ಕೂಸುಗಳು. ಒಂದೂ ವರ್ಸ ದಾಟಿಲ್ಲ. ನಾಲ್ಕನೇದ್ದು ದೊಡ್ಡ ಕಲ್ಲಿನಾಗ ಆಕಿ ಜೋಡಿನ ಐತಿ. ಹಡೀವಾಗ ಇಬ್ಬರೂ ಹೋಗ್ಯಾರ. ಹಡಗು ಹತ್ತಿ ಯಾರೂ ಹೋಗಿಲ್ಲ.”

ನನ್ನ ದನಿಯಲ್ಲಿ ಒಂದು ಹುರುಪಿತ್ತು. ಈಗಲೂ ಅದು ನನಗೆ ಕೇಳಿಸುತ್ತದೆ.

ಅತ್ತಿಗೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಇರುವೆಯನ್ನು ಬಿಟ್ಟು ನಾನು ತಲೆಯೆತ್ತುವಷ್ಟರಲ್ಲಿ, ಇಟ್ಟ ಕೊಬ್ಬರಿಯನ್ನು ಎತ್ತಿ ತಟ್ಟೆಗೆ ಹಾಕಿದ್ದಳು. “ನಡೀರಿ ಅತ್ತಿ, ಮನಿಗೆ ಹೋಗೂಣು.”

ಇಟ್ಟ ಉಡಿಯನ್ನು ವಾಪಸು ತೆಗೆದದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಮನೆಗೆ ಮರಳುವ ಟಂಟಂ ಆಟೋದಲ್ಲಿ ಅವ್ವ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಯಾರಿಗೂ ಕಾಣದಂತೆ ಮುಚ್ಚಿ ಕೂತಿದ್ದಳು.

ಮನೆಗೆ ಬಂದ ಮೇಲೆ ಅತ್ತಿಗೆ ಉಣ್ಣಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

“ಅಕ್ಷರ ಅಳಿಸ್ಯಾವು, ತಿಳೀವಲ್ದು ಅಂದಿದ್ರ ನಿಂದೇನ್ ಗಂಟ ಹೋಗ್ತಿತ್ತು?”

“ಕೇಳಿದ್ರು, ಹೇಳಿದೆ.”

“ಕೇಳಿದ್ರಂತ! ಆಕಿ ರಾತ್ರಿ ಎಲ್ಲಾ ಹೊಟ್ಟಿ ಮ್ಯಾಲ ಕೈ ಇಟಗೊಂಡ ಮಲಗ್ತಾಳ, ಅದು ನಿನಗ ಗೊತ್ತೈತೇನು?”

ಗೊತ್ತಿತ್ತು. ಅದೇ ನಾಚಿಕೆ. ಗೊತ್ತಿದ್ದೂ ಓದಿದ್ದೆ.

ಸಂಜೆ ಚಹಾ ಒಯ್ದೆ. ಅತ್ತಿಗೆ ತಿರುಗದೆಯೇ ಕೇಳಿದಳು: “ಒಂದೂ ಉಳೀಲಿಲ್ಲೇನು ಆಕಿಗೆ?”

ಆಧಾರವಿಲ್ಲದೆ ಒಂದು ಮಾತೂ ಬರೆಯಬಾರದೆಂದು ಕಲಿತವಳು ನಾನು. ನನ್ನ ಬಾಯಿ ತಾನಾಗಿ ತೆರೆಯಿತು. “ಒಂದು ಉಳದಿತ್ರಿ ವೈನಿ. ಹೆಣ್ಣು, ನಡುವ ಹುಟ್ಟಿದ್ದು. ಈ ನಾಲ್ಕೂ ಬಿಟ್ಟು ಐದನೇದು.”

ಅವಳು ಹೊರಳಿದಳು. “ಕಲ್ಲಿನ ಮ್ಯಾಲ ಇಲ್ಲಲಾ?”

“ಬದುಕಿದವ್ರಿಗೆ ಯಾರ ಕಲ್ಲ ಹಾಕ್ತಾರ್ರಿ? ಅಪ್ಪ ಕರಕೊಂಡು ಹಡಗಿನ್ಯಾಗ ಹೋದ.”

“ಎಲ್ಲಿ ಓದಿದಿ?”

“ಧಾರವಾಡದಾಗ. ಲೈಬ್ರರಿಯೊಳಗ.”

“ಮುಂದ?”

“ಮುಂದೇನು, ದೊಡ್ಡಾಕಿ ಆದ್ಲು. ಮದುವಿ ಆತು. ಮುದುಕಿ ಆಗಿ ಸತ್ತಳು.”

ಅತ್ತಿಗೆ ಎದ್ದು ಕೂತು ಚಹಾದ ಕಪ್ಪಿಗೆ ಕೈ ಚಾಚಿದಳು. “ಅಲ್ಲಲೇ, ಇದನ್ನ ಅಲ್ಲೇ ಹೇಳಾಕ ನಿನಗೇನ್ ಧಾಡಿ ಆಗಿತ್ತು? ನನ್ನ ಜೀವಾನ ಹೊಡದಿದ್ದಿ ನೋಡು.” ಆಮೇಲೆ ರೊಟ್ಟಿ ಕೇಳಿದಳು. ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡಳು. ಅವ್ವ ನನ್ನ ಮುಖ ನೋಡಿ, ಇನ್ನೊಂದು ರೊಟ್ಟಿ ತಟ್ಟತೊಡಗಿದಳು.

ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಓದಿ ನೋಯಿಸಿದ್ದಕ್ಕೆ ಇದ್ದ ನಾಚಿಕೆ ಹಾಗೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು. ಆ ಹೆಂಗಸು ಪರದೇಶದ ಮಣ್ಣಿನಲ್ಲಿ ಮೂರು ಸಲ ಕೂಸನ್ನು ಹೂಳಿದಳು, ನಾಲ್ಕನೆಯದರ ಜೊತೆ ತಾನೂ ಹೋದಳು. ಆಕೆಯದೆಂದು ಉಳಿದದ್ದು ಅದೊಂದೇ. ಅದನ್ನು ಮೊದಲು ನಾಯಿಗಳೆಂದರು, ನಾನು ಒಂದು ವಾಕ್ಯ ಮಾಡಿದೆ, ಈಗ ಒಂದು ಸುಳ್ಳು ಮಾಡಿದೆ.

ಮರುದಿನ ಬೆಳಿಗ್ಗೆ ಅತ್ತಿಗೆ ಎಲ್ಲರಿಗಿಂತ ಮೊದಲು ಜಳಕ ಮಾಡಿ ತಯಾರಾಗಿದ್ದಳು.

“ಇವತ್ತ ಉಡಿ ತುಂಬೂ ವಾರ ಅಲ್ಲ ಬಿಡವಾ,” ಎಂದಳು ಅವ್ವ.

“ದೊರಸಾನಿಗೆ ಎಲ್ಲೀ ವಾರ ರೀ ಅತ್ತಿ? ನಡೀರಿ.”

ಹೊಲದಲ್ಲಿ ಅತ್ತಿಗೆ ತಾನೇ ಖಣ ಹಾಸಿದಳು. ಕೊಬ್ಬರಿ ಇಡುತ್ತ, ಚಾಚಿಗೆ ಎಲ್ಲವನ್ನೂ ಹೇಳಿದಳು: ಐದನೆಯ ಕೂಸು, ಹಡಗು, ಮುದುಕಿಯಾದದ್ದು. ನಾನು ಹೇಳದಿದ್ದ ಮೊಮ್ಮಕ್ಕಳೂ ಅಷ್ಟರಲ್ಲಿ ಹುಟ್ಟಿಕೊಂಡಿದ್ದವು.

ಚಾಚಿ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. “ಖರೆ ಏನವಾ? ಇಷ್ಟ ವರ್ಸ ಕಲ್ಲ ತೊಳದೀನಿ, ನಮ್ಮ ಅತ್ತಿನೂ ಇದನ್ನ ಹೇಳಿರ್ಲಿಲ್ಲ. ಓದಿದಾಕಿ ನೀ ಹೇಳು.”

ಅತ್ತಿಗೆಯ ಕೈ ಕೊಬ್ಬರಿಯ ಮೇಲೇ ಇತ್ತು.

“ಖರೆ ರೀ ಚಾಚಿ,” ಎಂದೆ. ಅಕ್ಕಿಯ ತಟ್ಟೆ ಎತ್ತಿ ಅತ್ತಿಗೆಯ ಮುಂದೆ ಹಿಡಿದೆ.