ಕ್ಯಾಪ್ಟನ್ ಬಿಟ್ಟುಕೊಟ್ಟ ಲ್ಯಾಂಡಿಂಗ್

ಕಳೆದ ವಾರ ತಿಪಟೂರಿನಿಂದ ತುರುವೇಕೆರೆಗೆ ಹೋಗುವಾಗ ಕಾರಿನ ಕಿಟಕಿ ಇಳಿಸಿದ್ದೆ. ಯಾರದೋ ತೋಟದ ಬದಿಯಲ್ಲಿ ತೆಂಗಿನ ಚಿಪ್ಪು ಸುಡುತ್ತಿದ್ದರು. ಆ ಹೊಗೆ ಮೂಗಿಗೆ ಬಂದದ್ದೇ ತಡ, ಚಿಕ್ಕನಾಯಕನಹಳ್ಳಿ ಹತ್ತಿರದ ಒಂದು ತೋಟ, ಮರದ ನೆರಳಿನಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳು, ಪಂಚೆ ಉಟ್ಟು ಕೂತಿದ್ದ ನಮ್ಮ ಕ್ಯಾಪ್ಟನ್... ಎಲ್ಲ ಒಟ್ಟಿಗೇ ನೆನಪಾದವು.

ನಾನು ವಿಮಾನ ಕಂಪನಿಗೆ ಕೋ-ಪೈಲಟ್ ಆಗಿ ಸೇರಿದ ಹೊಸದರಲ್ಲಿ ಕ್ಯಾಪ್ಟನ್ ಕೂರುವ ಎಡಗಡೆ ಸೀಟಿನಲ್ಲಿ ಕೂತು ಕೆಲಸ ಕಲಿಸಿದವರು ಅವರು. ನಮ್ಮಪ್ಪ ತುರುವೇಕೆರೆಯಲ್ಲಿ ದಿನಸಿ ಅಂಗಡಿ ಇಟ್ಟವರು ಎಂದು ಗೊತ್ತಾದ ದಿನ, "ಹಂಗಾದ್ರೆ ನಮ್ಮೋಳೇ ಬುಡು" ಎಂದು ನಕ್ಕಿದ್ದರು. ಹಾಗಂತ ಒಂದಿಷ್ಟೂ ಸಲಿಗೆ ಕೊಡಲಿಲ್ಲ. ತಪ್ಪು ಮಾಡಿದರೆ ಮತ್ತೆ ಮಾಡಿಸುತ್ತಿದ್ದರು, ದನಿ ಏರಿಸುತ್ತಿರಲಿಲ್ಲ. ಪೈಲಟ್‌ಗಳ ಯೂನಿಯನ್ನಿಗೆ ಆಗ ಅವರೇ ಕಾರ್ಯದರ್ಶಿ.

ಆ ವರ್ಷ ಕಂಪನಿ ಹೊರದೇಶದಿಂದ ಕೆಲವು ವಿಮಾನಗಳನ್ನು ಬಾಡಿಗೆಗೆ ತಂದಿತು. ವಿಮಾನದ ಜೊತೆಗೆ ಅವುಗಳ ಪೈಲಟ್‌ಗಳೂ ಬಂದರು. ಹಬ್ಬದ ಸಮಯದ ನೂಕುನುಗ್ಗಲಿಗೆ ಮಾತ್ರ ಅಂದಿದ್ದರು. ಹಬ್ಬ ಮುಗಿಯಿತು, ಬಾಡಿಗೆಯವರು ಹೋಗಲಿಲ್ಲ. ನಾವು ಹಾರಿಸುತ್ತಿದ್ದ ಊರುಗಳಿಗೆ ಅವರು ಹಾರಿಸತೊಡಗಿದರು. ನಾನು ಸಮವಸ್ತ್ರ ಇಸ್ತ್ರಿ ಮಾಡಿಸಿಟ್ಟುಕೊಂಡು ಮನೆಯಲ್ಲೇ ಕೂರುವ ದಿನಗಳು ಹೆಚ್ಚಾದವು. ಆಮೇಲೆ, ಕೊನೆಗೆ ಸೇರಿದವರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ಕೊನೆಗೆ ಸೇರಿದವರಲ್ಲಿ ನಾನೂ ಇದ್ದೆ. ನನ್ನ ತರಬೇತಿಗೆ ಅಪ್ಪ ಮಾಡಿದ್ದ ಸಾಲ ಇನ್ನೂ ಹಾಗೇ ಇತ್ತು.

ಕ್ಯಾಪ್ಟನ್ ರಜೆಯಲ್ಲಿ ಊರಿಗೆ ಬಂದಿದ್ದರು. ಯೂನಿಯನ್ನಿನ ಹಿರಿಯ ಪೈಲಟ್‌ಗಳು ಬೆಂಗಳೂರಿನಿಂದ ಅವರ ತೋಟಕ್ಕೇ ಬಂದರು. ಹೊಸಬರ ಪರವಾಗಿ ನೀನೂ ಬಾ ಎಂದು ಕ್ಯಾಪ್ಟನ್ ನನಗೂ ಹೇಳಿಕಳಿಸಿದ್ದರು. ಪಕ್ಕದ ತೋಟದವರು ಅವತ್ತು ಚಿಪ್ಪು ಸುಡುತ್ತಿದ್ದರು. ಹೊಗೆ ನಮ್ಮ ಕಡೆಗೇ ಬರುತ್ತಿತ್ತು.

ಕ್ಯಾಪ್ಟನ್ ತಾಯಿ ಎಲ್ಲರಿಗೂ ಎಳನೀರು ಕೊಟ್ಟು, ಅಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಮಗನನ್ನು ಕೇಳಿದರು. "ಅಲ್ಲ ಕಣಪ್ಪ, ಇಮಾನ ಓಡ್ಸೋಕೆ ಬ್ಯಾರೆಯೋರ್ನ ಕರ್ಸವ್ರಂತಲ್ಲ, ನೀವೇನು ಓಡ್ಸಲ್ಲ ಅಂದಿದ್ರಾ?"

"ಇಲ್ಲ ಕಣವ್ವ. ನಾವು ಓಡಿಸ್ತೀವಿ ಅಂತಾನೇ ಹೇಳ್ತಿರೋದು."

ಹಿರಿಯರಲ್ಲಿ ಒಬ್ಬರು ನನ್ನ ಮುಖ ನೋಡದೆ ಮಾತಾಡಿದರು. ಕೊನೆಗೆ ಬಂದವರು ಮೊದಲು ಹೋಗುವುದು ಎಲ್ಲ ಕಡೆ ಇರುವ ಪದ್ಧತಿ, ಉಳಿದವರ ಕೆಲಸವಾದರೂ ಭದ್ರವಾಗುತ್ತದೆ ಎಂದರು. ಯಾರೂ ಬೇಡ ಎನ್ನಲಿಲ್ಲ. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

ಕ್ಯಾಪ್ಟನ್ ಎಳನೀರು ಪಕ್ಕಕ್ಕಿಟ್ಟರು. "ಇವರನ್ನ ಕಳಿಸಿದ ಮಾರನೇ ದಿನ ಕೊನೆಗೆ ಬಂದವರು ಯಾರು ಹೇಳ್ರೀ? ಇವರಿಗಿಂತ ಮುಂಚೆ ಸೇರಿದವರು. ಹಂಗೇ ನಮ್ಮ ತನಕ ಬತ್ತದೆ. ಇರೋ ಹಾರಾಟನ ಎಲ್ಲರೂ ಹಂಚಿಕೊಳ್ಳೋಣ. ನನ್ನದರಲ್ಲಿ ಅರ್ಧ ತಗೊಳ್ಳಿ."

ಹಾರಾಟ ಕಡಿಮೆಯಾದರೆ ಸಂಬಳವೂ ಕಡಿಮೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಆ ಹಿರಿಯರೇ, "ಆಯ್ತು ಬಿಡಿ, ನಂದೂ ತಗೊಳ್ಳಿ" ಎಂದರು.

ಹಾರಾಟ ಹಂಚಿಕೊಳ್ಳುವ ಆ ಏರ್ಪಾಡಿಗೆ ಕಂಪನಿಯೂ ಒಪ್ಪಿತು. ಯಾರನ್ನೂ ತೆಗೆಯುವುದಿಲ್ಲ, ಕರಾರು ಮುಗಿದ ಮೇಲೆ ಬಾಡಿಗೆ ವಿಮಾನ ವಾಪಸ್ಸು ಎಂದು ಬರೆದುಕೊಟ್ಟಿತು. ಆದರೆ ಕ್ಯಾಪ್ಟನ್ ಕೈಯಿಂದ ತರಬೇತಿಯ ಕೆಲಸ ಕಿತ್ತುಕೊಂಡಿತು. ಕಾರಣ ಹೇಳಲಿಲ್ಲ, ಇವರೂ ಕೇಳಲಿಲ್ಲ. ನಿವೃತ್ತಿಯ ನಂತರವೂ ಕೆಲವು ವರ್ಷ ಹಾರಿಸಲು ಅವರ ಓರಗೆಯವರಿಗೆಲ್ಲ ಅವಕಾಶ ಸಿಕ್ಕಿತು. ಅವರಿಗೆ ಸಿಗಲಿಲ್ಲ.

ಅವರ ಕೊನೆಯ ಹಾರಾಟದಲ್ಲಿ ನಾನೇ ಪಕ್ಕದಲ್ಲಿದ್ದೆ. ಮಧ್ಯಾಹ್ನ ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದೆವು. ಕಡೆಯ ಸಲ ವಿಮಾನ ಇಳಿಸುವ ಕ್ಷಣವನ್ನು ಯಾವ ಪೈಲಟ್ಟೂ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಬೆಂಗಳೂರು ಹತ್ತಿರವಾಗುತ್ತಿದ್ದಂತೆ ಅವರು, "ನೀನು ಇಳ್ಸು" ಎಂದರು.

"ಸರ್, ಇವತ್ತು ನೀವೇ..."

"ನಾನು ಬೇಕಾದಷ್ಟು ಇಳ್ಸಿದ್ದೀನಿ ಕಣಮ್ಮ. ಹಂಚಿಕೊಂಡು ಹಂಚಿಕೊಂಡು ನಿಂಗೇ ಕಮ್ಮಿಯಾಗಿರೋದು."

ಇಳಿಸಿದೆ. ಚಕ್ರ ನೆಲಕ್ಕೆ ತಾಗಿದ್ದು ಅಷ್ಟೇನೂ ಮೃದುವಾಗಿರಲಿಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಅವರು ಸ್ವಲ್ಪ ಹೊತ್ತು ಬೆಲ್ಟ್ ಬಿಚ್ಚದೆ ಮುಂದೆ ನೋಡುತ್ತ ಕೂತಿದ್ದರು...

ಊರಿಗೆ ಮರಳಿದ ಮೇಲೆ ತೋಟ ನೋಡಿಕೊಂಡಿದ್ದರು. ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ಆ ದಿನ ನಾನು ಡ್ಯೂಟಿಯ ಮೇಲೆ ಗುವಾಹಟಿಯಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ನಾನು ಎಡಗಡೆ ಸೀಟಿನಲ್ಲಿ ಕೂರುತ್ತೇನೆ. ಬಾಡಿಗೆ ವಿಮಾನಗಳು ಮತ್ತೆ ಬಂದಿವೆ. ಈ ಸಲ ಕರಾರು ಇನ್ನೂ ದೊಡ್ಡದಂತೆ. ಹೊಸ ಹುಡುಗರು ಹುಡುಗಿಯರು ಕ್ಯಾಂಟೀನಿನಲ್ಲಿ ಗುಂಪಾಗಿ ಕೂತು ಮೆಲ್ಲಗೆ ಮಾತಾಡುತ್ತಾರೆ, ನಾನು ಹತ್ತಿರ ಹೋದರೆ ಸುಮ್ಮನಾಗುತ್ತಾರೆ. ಯೂನಿಯನ್ನಿಗೆ ಕಾರ್ಯದರ್ಶಿಯಾಗು ಎಂದು ಜೊತೆಯವರು ಕೇಳಿದರು. ಮೊನ್ನೆ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಭಯವಾಯಿತು. ಭಯವಾಗುತ್ತಿದೆ ಸರ್ ಎಂದು ಹೇಳಿಕೊಳ್ಳೋಣವೆಂದರೆ ಅವರಿಲ್ಲ.