ಎರೆ ಹೊಲದ ಕೆಂಪು ಮಿಡತೆ

ನಮ್ಮ ಭೌತವಿಜ್ಞಾನದ ಸರ್ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಹಿಡಿದಾಗ ಮಿಡತೆ ಉಗುಳುವ ರಸದ ಕಲೆ ಅದು. ಖಾನಾವಳಿಯ ಮುದುಕಿ ಬೇರೆಯೇ ತಿಳಿದಿದ್ದಳು. "ತಂಬಾಕ ಬಿಡ್ರಿ ಸರ, ನಿಮಗ ಹೆಣ್ಣ ಯಾರ ಕೊಡ್ತಾರ?" ಎನ್ನುವಳು. "ಬಿಡ್ತೇನಬೇ," ಎಂದು ಅವರು ರೊಟ್ಟಿ ಮುರಿಯುತ್ತಿದ್ದರು. ತಿದ್ದಿ ಹೇಳುತ್ತಿರಲಿಲ್ಲ.

ಐವತ್ತರ ದಶಕದ ನಡುವೆ ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅವರು ಇಳಕಲ್ಲಿನವರು. ತಂದೆತಾಯಿ ತೀರಿದ್ದರು, ಮದುವೆಯಾಗಿರಲಿಲ್ಲ. ವಾರವೆಲ್ಲ ನಮಗೆ ಬೆಳಕಿನ ಪಾಠ ಹೇಳಿ, ಭಾನುವಾರ ಮಿಡತೆ ಹಿಡಿಯಲು ಹೊರಡುತ್ತಿದ್ದರು. ಬಾದಾಮಿ ಹತ್ತಿರದ ಚೊಳಚಗುಡ್ಡದ ಕೆಂಪು ನೆಲದಲ್ಲಿ ಮಿಡತೆ ಕೆಂಪಗೆ, ಕಮತಗಿಯ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಅದೇ ಜಾತಿಯದು ಕಪ್ಪಗೆ. ಏಕೆ ಎಂಬುದೇ ಅವರ ಪ್ರಶ್ನೆ. ಲ್ಯಾಬಿನ ದೀಪ, ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಸೆಲ್, ಅದನ್ನು ಅಳೆಯುವ ಗ್ಯಾಲ್ವನೋಮೀಟರು ಜೋಡಿಸಿ, ಒಂದೊಂದು ಮಿಡತೆಯ ಬೆನ್ನಿನಿಂದ ಎಷ್ಟು ಬೆಳಕು ಮರಳುತ್ತದೆಂದು ಅಳೆಯುತ್ತಿದ್ದರು. ಆ ಕೆಲಸವನ್ನು ಪುಣೆಯ ಒಬ್ಬ ಜೀವವಿಜ್ಞಾನಿಗೆ ತೋರಿಸಿ, ಭೌತವಿಜ್ಞಾನ ಬಿಟ್ಟು, ಅವರಲ್ಲಿ ಜೀವವಿಕಾಸದ ಸಂಶೋಧನೆಗೆ ಸೇರಬೇಕೆಂಬುದು ಸರ್ ಅವರಿಗಿದ್ದ ಒಂದೇ ಆಸೆ. ಅದನ್ನು ಕೇಳಿಸಿಕೊಳ್ಳುವವರು ಊರಿನಲ್ಲಿ ಇರಲಿಲ್ಲ. ಡಬ್ಬಿ ಹಿಡಿದು ಜೊತೆಗೆ ಹೋಗುತ್ತಿದ್ದ ನನಗೂ ಆಗ ಅರ್ಧವೇ ತಿಳಿಯುತ್ತಿತ್ತು.

ಗುಂಪಿನ ಬಣ್ಣಕ್ಕೆ ಹೊಂದದ ಮಿಡತೆ ಸಿಕ್ಕರೆ ಅವರು ಅಳೆಯದೆ ಬಿಟ್ಟುಬಿಡುತ್ತಿದ್ದರು. ಲೋಲಕದ ರೀಡಿಂಗುಗಳಲ್ಲಿ ಒಂದು ಉಳಿದವುಗಳಿಂದ ತೀರ ದೂರ ಬಂದರೆ ನಾವು ಅದನ್ನು ಹೊಡೆದುಹಾಕುತ್ತಿದ್ದೆವಲ್ಲ, ಹಾಗೆ.

ಆ ಅಳತೆಗಳನ್ನು ತೋರಿಸಲು ಸರ್ ಪುಣೆಗೆ ಹೊರಡಬೇಕಿದ್ದ ವಾರದ ಹಿಂದಿನ ಭಾನುವಾರ ನಾವು ಕಮತಗಿಯಲ್ಲಿದ್ದೆವು. ಒಬ್ಬ ರೈತ ಹೊಲ ಹರಗುತ್ತಿದ್ದ. ಎತ್ತುಗಳ ಹಿಂದೆ ಬೆಳ್ಳಕ್ಕಿಗಳು. ಸರ್ ಕೈಗೆ ತಿಳಿಗೆಂಪು ಮಿಡತೆಯೊಂದು ಸಿಕ್ಕಿತು. "ಇದು ಲೆಕ್ಕಕ್ಕ ಬರೂದಿಲ್ಲ," ಎಂದು ಬಿಟ್ಟರು. ಅದು ಕಪ್ಪು ಹೆಂಟೆಯ ಮೇಲೆ ಕುಳಿತಿತು. ಸುತ್ತ ಕಪ್ಪು ಮಿಡತೆಗಳೂ ಇದ್ದವು. ಬೆಳ್ಳಕ್ಕಿ ಅವುಗಳನ್ನು ದಾಟಿ ಬಂದು ಇದನ್ನೇ ಎತ್ತಿಕೊಂಡಿತು.

ಸರ್ ಬದುವಿನ ಮೇಲೆ ಕುಳಿತುಬಿಟ್ಟರು. ರೈತ ಎತ್ತು ನಿಲ್ಲಿಸಿದ. "ಯಾಕ್ರಿ ಮಾಸ್ತರ, ಬಿಸಲ ಹತ್ತಿತೇನು? ಒಂದ ಮಿಡಚಿ ಹೋದ್ರ ಹಿಂಗ ಕುಂದರತಾರೇನ್ರಿ?"

ಸರ್ ನನಗಷ್ಟೇ ಕೇಳುವಂತೆ ಹೇಳಿದರು: "ನಾ ತಪ್ಪು ಅಂತ ಒಗದದ್ದನ್ನ ಹಕ್ಕಿ ನೋಡಿ ಹಿಡೀತು. ಇಂಥ ಬ್ಯಾರೆ ಬಣ್ಣದವು ಎಷ್ಟ ಹುಟ್ಟತಾವ, ಎಷ್ಟ ಉಳೀತಾವ, ಅದ ಪ್ರಶ್ನಿ ಇತ್ತು. ಅವನ್ನ ನಾ ಅಳೀಲೇ ಇಲ್ಲ."

"ಇದ್ದದ್ದನ್ನ ತೋರಸ್ರಿ ಸರ. ಪುಣೇದವರಿಗೆ ಹ್ಯಾಂಗ ತಿಳೀತೈತಿ?"

"ನನಗ ತಿಳೀತಲ್ಲ," ಎಂದರು.

ಸರ್ ಪುಣೆಗೆ ಹೋಗಲಿಲ್ಲ. ಒಂದನ್ನೂ ಬಿಡದೆ ಮೊದಲಿನಿಂದ ಅಳೆಯತೊಡಗಿದರು. ಮರುವರ್ಷ ಕೆಮ್ಮು ಹಿಡಿಯಿತು. ಡಾಕ್ಟರು ಕ್ಷಯ ಎಂದರು. ಮಿರಜಿನ ದವಾಖಾನೆಗೆ ಸೇರಿಸಿದ ಮೇಲೆ ನೋಡಲು ಹೋದೆ. ಬೇರೆ ಯಾರೂ ಬಂದಿರಲಿಲ್ಲವೆಂದು ನರ್ಸ್ ಹೇಳಿದಳು.

"ಪುಣೇಕ ನೀ ಹೋಗು," ಎಂದರು ಸರ್. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು. "ನನ್ನ ಹೆಸರ ಹೇಳಬ್ಯಾಡ, ಅವರಿಗೆ ಗೊತ್ತಿಲ್ಲ. ಪ್ರಶ್ನಿ ಹೇಳು."

ಆ ತಿಂಗಳಲ್ಲೇ ತೀರಿಕೊಂಡರು.

ನನ್ನ ತಂದೆ, "ಬೆಳಕಿನ ಶಾಸ್ತ್ರ ಓದಿ ಮಿಡಚಿ ಹಿಡಿಯಾಕ ಹೊಂಟೀಯೇನಲೇ?" ಎಂದರು. ನಾನು ಹೋದೆ. ಭೌತವಿಜ್ಞಾನದವನು ಇಲ್ಲಿಗೇಕೆ ಎಂದು ಪುಣೆಯ ಜೀವವಿಜ್ಞಾನಿ ಕೇಳಿದರು. ಪ್ರಶ್ನೆ ಹೇಳಿದೆ. ಅವರು ಕುರ್ಚಿ ತೋರಿಸಿ, ಮತ್ತೊಮ್ಮೆ ನಿಧಾನವಾಗಿ ಹೇಳೆಂದರು.

ಉತ್ತರ ಸಿಗಲು ವರ್ಷಗಳು ಹಿಡಿದವು. ಎರೆ ಹೊಲದಲ್ಲಿ ಕೆಂಪು ಮಿಡತೆಗಳು ಪ್ರತಿ ಪೀಳಿಗೆಯಲ್ಲೂ ಹುಟ್ಟುತ್ತಿದ್ದವು. ಹಕ್ಕಿಗಳು ಮೊದಲು ಅವನ್ನೇ ಹೆಕ್ಕುತ್ತಿದ್ದವು; ಉಳಿದು ಮೊಟ್ಟೆಯಿಡುತ್ತಿದ್ದವು ಹೆಚ್ಚಾಗಿ ಕಪ್ಪಿನವೇ. ಅದು ಖಚಿತವಾದ ಮಧ್ಯಾಹ್ನ ಪುಣೆಯ ಲ್ಯಾಬಿನ ಕೋಣೆಯ ತುಂಬ ಜನರಿದ್ದರು. ಕೈ ಕುಲುಕಿದರು. ನಾನು ಒಬ್ಬನೇ ಹೊರಗೆ ಬಂದು, ಖಾಲಿ ಅಂಗಳದಲ್ಲಿ ನಿಂತು, ಬಾಗಲಕೋಟೆಯ ಮಾತಿನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿದೆ:

"ಖರೆ ಐತ್ರಿ ಸರ."